ಊರು ಬಿಟ್ಟವರ ಮರಿಮಕ್ಕಳು

2020ರ ಯುಗಾದಿ ಮಾರ್ಚ್ 25ರ ಬುಧವಾರ ಬಂತು. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಮಧ್ಯರಾತ್ರಿಯಿಂದ 21 ದಿನ ಯಾರೂ ಹೊಸ್ತಿಲು ದಾಟಬೇಡಿ ಎಂದಿದ್ದರು. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಯುಗಾದಿ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಮೊದಲ ದಿನ ಎಣ್ಣೆ ನೀರು, ಬೇವು-ಬೆಲ್ಲ, ಒಬ್ಬಟ್ಟು, ಎತ್ತಿಗೆ ಪೂಜೆ ಮಾಡಿ ಹೊನ್ನಾರು ಹೂಡುವುದು. ಮರುದಿನ ಹೊಸತೊಡಕು. ಆವತ್ತು ಹತ್ತಿಪ್ಪತ್ತು ಮನೆಯವರು ದುಡ್ಡು ಹಾಕಿ ಮರಿ ಕಡಿಸಿ, ಗುಡ್ಡೆ ಹಾಕಿ ಬಾಡು ಹಂಚಿಕೊಳ್ಳುತ್ತಾರೆ. ಬೆಂಗಳೂರು ಸೇರಿದ ಮಕ್ಕಳು ಬರುತ್ತಾರೆ, ಬೀಗರು ಬರುತ್ತಾರೆ, ಅರಳಿಕಟ್ಟೆಯ ಮೇಲೆ ಇಸ್ಪೀಟು ಎಲೆ ಬೀಳುತ್ತದೆ. ಗಂಡಸರು ಮನೆಯೊಳಗೆ ನಿಲ್ಲದ ದಿನ ವರ್ಷದಲ್ಲಿ ಯಾವುದೆಂದರೆ ಅದೇ. ಮನೆಯಲ್ಲೇ ಇರಿ ಎಂಬ ಅಪ್ಪಣೆ ಬಂದದ್ದೂ ಸರಿಯಾಗಿ ಆ ಹಬ್ಬಕ್ಕೇ.

ಅಪ್ಪಣೆ ಅರ್ಧ ನಡೆಯಿತು, ಅರ್ಧ ನಡೆಯಲಿಲ್ಲ. ಊರ ಬಾಗಿಲಿಗೆ ಮುಳ್ಳುಬೇಲಿ ಬಿತ್ತು. ಹೊರಗಿನವರು ಬರಕೂಡದೆಂದು ತಮಟೆ ಹೊಡೆದು ಸಾರಿದರು. ಅದೇ ಊರಿನ ಹಿಂದಣ ತೋಟದಲ್ಲಿ ಮರಿ ಕಡಿದು ಗುಡ್ಡೆ ಹಾಕಿದರು. ಇದನ್ನು ಜನರ ಉಡಾಫೆ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪಣೆ ಕೊಟ್ಟವರ ಮನಸ್ಸಿನಲ್ಲಿದ್ದ ಮನೆಯೇ ಬೇರೆ, ಈ ಸೀಮೆಯ ಮನೆಯೇ ಬೇರೆ.

ಹಳೆಯ ಮಂಡ್ಯದ ಮನೆಯನ್ನು ಕಟ್ಟಿದ್ದೇ ಧಾನ್ಯಕ್ಕೆ, ದನಕ್ಕೆ, ದೇವರಿಗೆ; ಮನುಷ್ಯರು ಅಲ್ಲಿ ಉಂಡು ಮಲಗುತ್ತಿದ್ದರು ಅಷ್ಟೆ. ಮುಂದೆ ಜಗಲಿ, ಒಳಗೆ ನಡುಮನೆ, ಒಂದು ಕತ್ತಲ ಕೋಣೆಯಲ್ಲಿ ರಾಗಿಯ ವಾಡೆ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಹಿತ್ತಲು. ಗಾಳಿ ಬರುವುದಿದ್ದರೆ ಬಾಗಿಲಿಂದ ಬರಬೇಕು. ಆದರೆ ಬದುಕು ನಡೆಯುತ್ತಿದ್ದುದು ಬಯಲಲ್ಲಿ: ಗದ್ದೆ, ಕಣ, ಆಲೆಮನೆ, ಕಟ್ಟೆ, ಡೈರಿ, ಟೀ ಅಂಗಡಿ. ತೊಟ್ಟಿಮನೆ ಇದ್ದ ಅನುಕೂಲಸ್ಥರಿಗೆ ನಡುವೆ ಆಕಾಶವಾದರೂ ಕಾಣುತ್ತಿತ್ತು. ಉಳಿದವರು, ಅದರಲ್ಲೂ ಆಶ್ರಯ ಯೋಜನೆಯ ಮನೆಗಳಲ್ಲಿದ್ದವರು, ಹಗಲಿಡೀ ಒಳಗೆ ಕೂರುವುದನ್ನು ಕಲಿತೇ ಇರಲಿಲ್ಲ.

ಇವರ ಮುತ್ತಾತಂದಿರು ಕಲಿತಿದ್ದು ಇದಕ್ಕೆ ತೀರ ಉಲ್ಟಾ ಪಾಠ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಎರಡು ವರ್ಷದಲ್ಲಿ ಹುಬ್ಬಳ್ಳಿ ದಾಟಿ, ರೈಲು ಹತ್ತಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಇಳಿಯಿತು. ಬೆಂಗಳೂರಿನಿಂದ ಮೈಸೂರಿಗೆ ಮದ್ದೂರು, ಮಂಡ್ಯದ ಮೇಲೆ ಹೋಗುವ ರೈಲು ಹಳಿ ಅಷ್ಟು ಹೊತ್ತಿಗೆ ಹದಿನೈದು ವರ್ಷಕ್ಕೂ ಹಳೆಯದು. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ. ಅದು ಆದದ್ದು 1939ರಲ್ಲಿ. ಮಂಡ್ಯ, ಮಳವಳ್ಳಿಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಕನ್ನಂಬಾಡಿ ಕಟ್ಟೆಯೂ ಇಲ್ಲ, ವಿಶ್ವೇಶ್ವರಯ್ಯ ನಾಲೆಯೂ ಇಲ್ಲ. ಕೆರೆ ಕೆಳಗಿನ ಗದ್ದೆ ಬಿಟ್ಟರೆ ಬಹುಪಾಲು ರಾಗಿ ಬೆಳೆಯುವ ಒಣ ಬಯಲು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, ಸುತ್ತಲಿನ ಹಳ್ಳಿಗಳಲ್ಲಿ ಹರಳೆಣ್ಣೆ ದೀಪವೇ ಉರಿಯುತ್ತಿತ್ತು. ಆ ಕತ್ತಲ ಮನೆಗಳ ವಾಡೆಯ ಸಂದಿಯಲ್ಲಿ, ಅಟ್ಟದಲ್ಲಿ ಇಲಿಗೆ ಬೇಕಾದ ಅನುಕೂಲವೆಲ್ಲ ಇತ್ತು.

ಇಲಿ ಬಿದ್ದರೆ ಊರು ಬಿಡು: ಇದು ಆ ಕಾಲದ ನೇಮ. ಅಟ್ಟದಿಂದ ಸತ್ತ ಇಲಿ ನೆಲಕ್ಕೆ ಬಿತ್ತೆಂದರೆ ಮಾರನೆಯ ದಿನವೇ ಗಾಡಿ ಹೂಡುತ್ತಿದ್ದರು. ಪಾತ್ರೆ ಪಡಗ, ರಾಗಿ ಚೀಲ, ಒನಕೆ, ಬೀಸುಕಲ್ಲು, ದನಕರು ಸಮೇತ ಹೊಲಕ್ಕೆ ಹೋಗಿ ಗರಿ, ಹುಲ್ಲು ಹೊದಿಸಿದ ಗುಡಿಸಲು ಹಾಕಿಕೊಳ್ಳುವುದು. ಮೈಸೂರು ಸರ್ಕಾರವೂ ಇದನ್ನೇ ಹೇಳಿತು. ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಊರು ಖಾಲಿ ಮಾಡಿಸುವುದು, ಮನೆಗಳಿಗೆ ಔಷಧ ಹೊಡೆಸುವುದು, ಹೆಂಚು ತೆಗೆಸಿ ಬಿಸಿಲು ಬಿಡಿಸುವುದು ಆ ಕಾಲದ ಕ್ರಮಗಳು. ಬಲವಂತದ ತಪಾಸಣೆಗೆ ಜನ ಹೆದರಿದರು, ರೋಗಿಯನ್ನು ಬಚ್ಚಿಟ್ಟರು. ಊರು ಬಿಡುವುದಕ್ಕೆ ಮಾತ್ರ ಯಾರೂ ಅಷ್ಟಾಗಿ ತಕರಾರು ಮಾಡಲಿಲ್ಲ. ಕಾರಣ ಸರಳ. ಮಾರಿ ಬಂದರೆ ಊರು ತೊರೆಯುವ ಪದ್ಧತಿ ಹಳ್ಳಿಗಳಿಗೆ ಮೊದಲೇ ಇತ್ತು. ಹೊಲದಲ್ಲಿ ಕಾವಲಿಗೆ ಗುಡಿಸಲು ಹಾಕಿ ಮಲಗುವ ಅಭ್ಯಾಸವೂ ಇತ್ತು. ಒಲೆ ಹೂಡಲು ಮೂರು ಕಲ್ಲು ಸಾಕು. ರೋಗ ಮನೆಯಲ್ಲಿದೆ, ಬಯಲಲ್ಲಿಲ್ಲ ಎಂಬ ಅವರ ಲೆಕ್ಕ ಪ್ಲೇಗಿನ ಮಟ್ಟಿಗೆ ವಿಜ್ಞಾನಕ್ಕೂ ಸರಿಹೊಂದಿತು.

ಸರಿಹೊಂದಿತೆಂದ ಮಾತ್ರಕ್ಕೆ ಸುಖವಾಗಿತ್ತು ಎಂದಲ್ಲ. ಮಳೆ ಬಂದರೆ ಗುಡಿಸಲು ಸೋರುತ್ತಿತ್ತು, ಬಾಣಂತಿಗೂ ಅದೇ ನೆಲ, ಹಾವು ಚೇಳಿನ ಕಾಟ ಬೇರೆ. ಬಿಟ್ಟುಬಂದ ಮನೆಗೆ ಕಳ್ಳರು ನುಗ್ಗುತ್ತಿದ್ದರು. ಹೊಲವೇ ಇಲ್ಲದವರು ಯಾರದೋ ಬದುವಿನಲ್ಲಿ, ಅವರ ಮರ್ಜಿಯಲ್ಲಿ ಇರಬೇಕಿತ್ತು. ಊರಾಚೆಗೇ ಇದ್ದ ಕೇರಿಗಳ ಜನರಿಗೆ ಇನ್ನೂ ಆಚೆ ಹೋಗಲು ಜಾಗ ಎಲ್ಲಿಂದ ಬರಬೇಕು? ಪ್ಲೇಗು ಒಂದು ವರ್ಷ ಬಂದು ಹೋದದ್ದಲ್ಲ. ಮೈಸೂರು ಸೀಮೆಯಲ್ಲಿ ಅದು 1940ರ ದಶಕದವರೆಗೂ ಮತ್ತೆ ಮತ್ತೆ ಮರಳಿತು. ಎರಡು ಮೂರು ತಲೆಮಾರು ಹೀಗೆ ಊರು ಬಿಡುತ್ತ, ಊರು ಸೇರುತ್ತ ಬದುಕಿದವು. ಹಳಬರು ಕೆಲವರು ವಯಸ್ಸು ಹೇಳುವಾಗ ಇಸವಿ ಹೇಳುತ್ತಿರಲಿಲ್ಲ, ಪ್ಲೇಗಿಗೆ ಊರು ಬಿಟ್ಟ ವರ್ಷ ಹುಟ್ಟಿದ್ದು ಎನ್ನುತ್ತಿದ್ದರು.

1918ರ ಶೀತಜ್ವರಕ್ಕೆ ಈ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಮಹಾಯುದ್ಧದ ಹಡಗುಗಳ ಜೊತೆ ಮುಂಬೈಗೆ ಬಂದ ಆ ಜ್ವರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದೇಶವನ್ನೇ ಮಲಗಿಸಿತು. ಇಲಿ ಬೀಳುವ ಮುನ್ಸೂಚನೆ ಇರಲಿಲ್ಲ. ಊರು ಬಿಟ್ಟರೂ ಜ್ವರ ಮನುಷ್ಯನ ಜೊತೆಗೇ ಗಾಡಿ ಹತ್ತುತ್ತಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ. ಹತ್ತು ವರ್ಷದ ಮೇಲೆ ಎಣಿಸಿದಾಗ 60 ಲಕ್ಷವೂ ತುಂಬಿರಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದಾಗ ಗಂಜಿ ಕಾಯಿಸುವವರಿಲ್ಲದೆ ಸತ್ತವರೂ ಇದ್ದರು. ಆದರೂ ಪ್ಲೇಗಮ್ಮನಿಗೆ ಗುಡಿ ಕಟ್ಟಿದ ನಾಡು ಆ ಜ್ವರವನ್ನು ಬಹುಮಟ್ಟಿಗೆ ಮರೆತೇಬಿಟ್ಟಿತು.

ಹಾಗಾಗಿ 2020ರಲ್ಲಿ ಮನೆಯೊಳಗಿರಿ ಎಂಬ ಮಾತು ಈ ಸೀಮೆಗೆ ಹೊಸದು. ಕಾನೂನು ಮಾತ್ರ ಹಳೆಯದೇ. ಪ್ಲೇಗಿಗೆಂದು ಬ್ರಿಟಿಷರು 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲೇ ಕರ್ನಾಟಕ ಸರ್ಕಾರ 2020ರ ಮಾರ್ಚ್‌ನಲ್ಲಿ ಕೋವಿಡ್ ನಿಯಮಗಳನ್ನು ಹೊರಡಿಸಿತು.

ಮೊದಲ ಪೆಟ್ಟು ಮಳವಳ್ಳಿಗೆ ಬಿತ್ತು. ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ಜಿಲ್ಲೆಯ ಮೊದಲ ಪ್ರಕರಣಗಳು ಅಲ್ಲಿ ಕಂಡವು. ಬೀದಿಗಳಿಗೆ ತಗಡು, ಬೊಂಬು ಬಿಗಿದರು. ಸೀಲ್‌ಡೌನ್ ಎಂಬುದು ಮುದುಕಿಯರ ಬಾಯಲ್ಲೂ ಆಡತೊಡಗಿತು. ತಗಡಿನೊಳಗಿನ ಮನೆಗಳಿಗೆ ಹಾಲು, ತರಕಾರಿ, ರೇಷನ್ ಬೇಲಿಯಂಚಿಗೆ ಬರಬೇಕು. ಸೋಂಕಿನ ಜೊತೆ ಗುಮಾನಿಯೂ ಹಬ್ಬಿತು. ದೆಹಲಿಯ ತಬ್ಲೀಗಿ ಜಮಾತ್ ಸಮಾವೇಶದ ಸುದ್ದಿಯನ್ನು ಟಿ.ವಿ. ಹಗಲೂ ರಾತ್ರಿ ಕೂಗಿತು. ವರ್ಷಗಟ್ಟಲೆ ಬಾಗಿಲಿಗೆ ಬಂದು ಹೂ, ಹಣ್ಣು ಮಾರುತ್ತಿದ್ದ ಮುಸ್ಲಿಮರನ್ನು 'ಬರಬೇಡ್ರಣ್ಣ' ಅಂದ ಊರುಗಳುಂಟು. ಒಂದು ತಿಂಗಳು ಕಳೆದ ಮೇಲೆ ಅದೇ ಮಾತು ಮುಂಬೈನಿಂದ ಮರಳಿದ ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹೋಟೆಲ್ ಕಾರ್ಮಿಕರಿಗೂ ಕೇಳಿಸಿತು. ಮೇ ತಿಂಗಳಲ್ಲಿ ಜಿಲ್ಲೆಯ ಅಂಕಿ ಏರಿದ್ದು ಅವರಿಂದ. ಅವರು ಸ್ವಂತ ಮಣ್ಣಿನವರೇ ಆಗಿದ್ದರೂ ಶಾಲೆಗಳಲ್ಲಿ ಕ್ವಾರಂಟೈನ್ ಮುಗಿಸಿ ಮನೆ ಸೇರುವಾಗ ಓಣಿಯ ಕಿಟಕಿಗಳು ಮುಚ್ಚಿಕೊಂಡವು. ಈ ಭಾಗವನ್ನು ನಾವು ಬೇಗ ಮರೆತಿದ್ದೇವೆ, ಮರೆಯಬಾರದು.

ಮದ್ದೂರಿನ ಕತೆ ರೈಲಿನದು. ಇಲ್ಲಿಯ, ಮಂಡ್ಯದ ಎಷ್ಟೋ ಗಂಡಸರು ಹೆಂಗಸರು ದಿನವೂ ಬೆಂಗಳೂರಿಗೆ ಹೋಗಿ ಬರುವ ಪ್ರಯಾಣಿಕರು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯಬೇಕೆಂದರೆ ಮನೆಯಲ್ಲಿ ಕತ್ತಲಲ್ಲೇ ಒಲೆ ಹತ್ತಬೇಕು. ಸಂಜೆ ಅದೇ ರೈಲು ವಾಪಸು ತರುವ ಹೊತ್ತಿಗೆ ಮಕ್ಕಳು ನಿದ್ದೆಗಣ್ಣಲ್ಲಿರಬೇಕು. ಮಾರ್ಚ್ 22ರಿಂದ ಪ್ರಯಾಣಿಕರ ರೈಲು ನಿಂತವು. ಇಪ್ಪತ್ತು ವರ್ಷ ಭಾನುವಾರವಷ್ಟೇ ಮನೆ ಕಂಡವರು ವಾರದ ಏಳೂ ದಿನ ಮನೆಯಲ್ಲಿ ಕುಳಿತರು. ರೈಲಿನ ಕಿಟಕಿಯಲ್ಲಿ ವಡೆ ಮಾರಿ ಬದುಕುತ್ತಿದ್ದವರಿಗೆ ಆ ದಿನಗಳ ಸಂಪಾದನೆ ಸೊನ್ನೆ. ಒಂದು ಶತಮಾನದಿಂದ ರೈಲಿನ ಜೊತೆ ಬೆಳೆದ ಮದ್ದೂರು ವಡೆ ಮನೆಯ ಬಾಣಲೆಗೆ ಬಂತು. ರವೆ, ಮೈದಾ, ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಎಲ್ಲರಿಗೂ ಗೊತ್ತಿರುವ ಸಾಮಾನೇ. ರುಚಿ ಮಾತ್ರ ಬರಲಿಲ್ಲವೆಂದು ಎಲ್ಲರ ದೂರು. ಓಡುವ ರೈಲಿನಲ್ಲಿ ಹಸಿದು ತಿನ್ನುವುದೇ ಆ ವಡೆಯ ಅರ್ಧ ರುಚಿ ಇರಬೇಕು.

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ಮುಂಬೈ, ದೆಹಲಿಯವರೆಗೆ ಹೋಗುತ್ತವೆ. ಅವು ಕುಂಟಿದಾಗ ತೋಟದವರಿಗೆ ಕಷ್ಟವಾಯಿತು, ಆದರೆ ಕೈ ಪೂರ್ತಿ ಸುಡಲಿಲ್ಲ. ಕೊಯ್ಯದೆ ಬಿಟ್ಟ ಎಳನೀರು ಕಾಯಾಗುತ್ತದೆ, ಕಾಯಿ ಕೊಬ್ಬರಿಯಾಗುತ್ತದೆ. ತೆಂಗು ಕಾಯುತ್ತದೆ. ರೇಷ್ಮೆ ಹುಳ ಕಾಯುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತ ಹುಳ ಮೇಯಿಸುವ ಮನೆಗಳು ಸಾವಿರಾರು. ಆ ಮಾರ್ಚ್ ಕೊನೆಯಲ್ಲಿ ಯಾರ ಮನೆಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರಿತ್ತೋ ಅವರ ಪಾಡು ಹೇಳತೀರದು. ಗೂಡು ಕಟ್ಟಿದ ಹತ್ತು ಹನ್ನೊಂದು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಅಷ್ಟರೊಳಗೆ ಮಾರಬೇಕು. ರಾಮನಗರದ ಗೂಡು ಮಾರುಕಟ್ಟೆ ಲಾಕ್‌ಡೌನಿನ ಮೊದಲ ದಿನಗಳಲ್ಲಿ ಮುಚ್ಚಿತು. ತೆರೆದ ಮೇಲೂ ಬೆಲೆ ಬಿದ್ದೇ ಇತ್ತು.

ಇದೇ ಮನೆಗಳಿಗೆ ಸೋಂಕಿನ ಶಿಸ್ತು ಎಲ್ಲರಿಗಿಂತ ಮೊದಲು ಗೊತ್ತಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ. ಹುಳು ಮನೆಗೆ ಹೊರಗಿನವರನ್ನು ಬಿಡುವಂತಿಲ್ಲ. ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಅದನ್ನು ತುಳಿದೇ ಒಳಗೆ ಹೋಗಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಬೆಳೆ ಮುಗಿದ ಮೇಲೆ ತಟ್ಟೆ, ಗೋಡೆ, ನೆಲಕ್ಕೆಲ್ಲ ಔಷಧಿ ಹೊಡೆಯಬೇಕು. ಸೊರಗಿದ ಹುಳ ಕಂಡರೆ ಆರಿಸಿ ತೆಗೆದು ಸುಣ್ಣದಲ್ಲಿ ಹೂಳಬೇಕು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟುರೋಗ ಎಂದು ಬೇನೆಗಳನ್ನು ಹೆಸರು ಹಿಡಿದು ಗುರುತಿಸುವ ಹೆಣ್ಣುಮಕ್ಕಳು ಇಲ್ಲಿ ಮನೆಗೊಬ್ಬರಿದ್ದಾರೆ. ಇದು ಬರಿ ಹಳ್ಳಿಯ ರೂಢಿಯಲ್ಲ. 1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದ ಲೂಯಿ ಪಾಶ್ಚರ್ ಇದೇ ಗಂಟುರೋಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ವರ್ಷಗಟ್ಟಲೆ ಕುಳಿತ. ಸೋಂಕು ಹುಳದಿಂದ ಹುಳಕ್ಕೆ, ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವ ಬಗೆ ತೋರಿಸಿದ. ಮನುಷ್ಯರ ರೋಗಾಣುಗಳ ಕಡೆಗೆ ಅವನು ಹೊರಳಿದ್ದು ಆ ಪಾಠ ಮುಗಿಸಿದ ಮೇಲೆ. ಮದ್ದೂರಿನ ಹುಳು ಮನೆಯ ಹೆಂಗಸನ್ನು ಕರೆದು ಕೋವಿಡ್ ತಡೆಗೆಂದಿದ್ದ ಗ್ರಾಮ ಕಾರ್ಯಪಡೆಯಲ್ಲಿ ಮಾತಾಡಿಸಿದ್ದರೆ, ಪೋಸ್ಟರ್‌ಗಳಿಗಿಂತ ಚೆನ್ನಾಗಿ ಜನಕ್ಕೆ ನಾಟುತ್ತಿತ್ತು.

ಮನೆಯೊಳಗಿನ ಹೊರೆ ಯಾರ ತಲೆಗೆ ಬಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಕೆಲಸ ನಿಂತ ಮಗ, ಸೊಸೆ, ಮೊಮ್ಮಕ್ಕಳು ಬಂದರು. ಮೂವರಿದ್ದ ಮನೆಯಲ್ಲಿ ಒಂಬತ್ತು ತಟ್ಟೆ. ಅಂಗಡಿ ಸಾಮಾನು ದುಬಾರಿಯಾದಾಗ ವಾಡೆಯ ರಾಗಿ, ಮಡಕೆಯ ಹುರುಳಿ ಹೊರಬಂದವು. ಬೆಳಿಗ್ಗೆ ಬದುಗಳಲ್ಲಿ ಅಡ್ಡಾಡಿ ಬೆರಕೆ ಸೊಪ್ಪು ಕಿತ್ತು ತಂದು ಉಪ್ಸಾರು, ಬಸ್ಸಾರು ಮಾಡುವುದು ಮತ್ತೆ ಶುರುವಾಯಿತು. ಮೊಮ್ಮಕ್ಕಳು ಮುದ್ದೆ ನುಂಗಲು ಕಲಿತದ್ದು ಆ ಬೇಸಿಗೆಯಲ್ಲೇ ಎಂದು ಹೇಳುವ ಅಜ್ಜಿಯರು ಎಲ್ಲ ಊರಲ್ಲೂ ಸಿಗುತ್ತಾರೆ. ಕಷಾಯದ ಗಲಾಟೆ ಬೇರೆ. ಶುಂಠಿ, ಮೆಣಸು, ತುಳಸಿ, ಅಮೃತಬಳ್ಳಿ, ಬೆಲ್ಲ ಹಾಕಿ ಹೊತ್ತು ಹೊತ್ತಿಗೂ ಕುದಿಸಿ ಕೊಟ್ಟರು. ಹೊಟ್ಟೆಯುರಿ ಹತ್ತಿಸಿಕೊಂಡವರೂ ಕಡಿಮೆಯಿಲ್ಲ.

ಹೊರಗೆ ಹೋಗಲು ಹೆಂಗಸರಿಗಿದ್ದ ರಹದಾರಿ ಡೈರಿ. ಹಾಲು ನಿಲ್ಲಲಿಲ್ಲ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಮನ್‌ಮುಲ್ ಘಟಕಕ್ಕೆ ಹಳ್ಳಿ ಹಳ್ಳಿಯ ಹಾಲು ಎರಡು ಹೊತ್ತೂ ಹೋಯಿತು. ಹೋಟೆಲುಗಳು ಮುಚ್ಚಿ ಹಾಲು ಮಿಕ್ಕಾಗ ಸರ್ಕಾರ ಏಪ್ರಿಲ್‌ನಲ್ಲಿ ಬಡವರಿಗೆ ಪುಕ್ಕಟೆ ಹಂಚಿತು. ಡೈರಿ ಮುಂದೆ ಸುಣ್ಣದ ವೃತ್ತಗಳಲ್ಲಿ ಕ್ಯಾನು ಹಿಡಿದು ನಿಲ್ಲುವ ಹದಿನೈದು ನಿಮಿಷದಲ್ಲೇ ಊರ ಸುದ್ದಿ, ಕಷ್ಟಸುಖ, ಚೀಟಿ ದುಡ್ಡಿನ ಲೆಕ್ಕ ಎಲ್ಲ ಮುಗಿಯಬೇಕು. ಡೈರಿಯ ಬಟವಾಡೆಯೊಂದೇ ಆ ದಿನಗಳಲ್ಲಿ ತಪ್ಪದೆ ಬಂದ ನಗದು ಎಂಬ ಮನೆಗಳಿದ್ದವು. ಜನಧನ ಖಾತೆಗೆ ಮೂರು ತಿಂಗಳು ಬಂದ ಐನೂರು ರೂಪಾಯಿಯೂ ಹೆಂಗಸರ ಹೆಸರಿಗೇ ಬಂತು. ಅದನ್ನು ತೆಗೆಯಲು ಬ್ಯಾಂಕಿನ ಮುಂದೆ ನಿಂತ ಸಾಲು ಮಾತ್ರ ಯಾವ ವೃತ್ತಕ್ಕೂ ಹಿಡಿಸಲಿಲ್ಲ.

ಇನ್ನೊಂದು ಸಂಗತಿ. ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ಮುಚ್ಚಿದ್ದವು. ಕದ್ದು ಮಾರುವವರು ಮಾರಿದರು, ನಿಜ. ಆದರೂ ಆ ಒಂದು ತಿಂಗಳು ಚಿಲ್ಲರೆ ಮನೆಯಲ್ಲಿ ಜಗಳವಿಲ್ಲದೆ ಉಂಡೆವು ಎನ್ನುವ ಹೆಂಗಸರ ಮಾತು ಈಗಲೂ ಕೇಳಸಿಗುತ್ತದೆ. ಮೇ 4ರ ಬೆಳಿಗ್ಗೆಯ ಸಾಲು ಕಂಡು ಅವರಿಗೆ ಏನನ್ನಿಸಿತೆಂದು ಯಾವ ವರದಿಗಾರನೂ ಕೇಳಿದಂತಿಲ್ಲ. ಹೆಂಗಸರಿಗೆ ಮುಂದಿನ ಪೆಟ್ಟು ಕೆಲಸದ ಕಡೆಯಿಂದ ಬಂತು. ಜೂನ್ 6ರಂದು ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಸಿದ್ಧ ಉಡುಪು ಘಟಕ ಮುಚ್ಚಿ ಸುಮಾರು 1,300 ಮಂದಿ ಕೆಲಸ ಕಳೆದುಕೊಂಡರು. ಬಹುಪಾಲು ಹೆಂಗಸರೇ. ಫ್ಯಾಕ್ಟರಿ ಅಂಗಳದಲ್ಲೇ ಧರಣಿ ಕುಳಿತ ಅವರು ಮನೆಗೆ ಹೋಗಿ ಎಂಬ ಮಾತಿಗೆ ಒಪ್ಪಲಿಲ್ಲ. ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ.

ಓದಿಕೊಂಡ ಹುಡುಗರು ಕೂಲಿ ಹಿಡಿದದ್ದೂ ಆಗಲೇ. 275 ರೂಪಾಯಿ ದಿನಗೂಲಿಯ ಉದ್ಯೋಗ ಖಾತರಿ ಕೆಲಸದಲ್ಲಿ ಕೆರೆ ಹೂಳು ತೆಗೆಯುವವರ ನಡುವೆ ಪದವೀಧರರು ಕಂಡರು. ಕೆರೆಯ ಮಾತು ಬಂದಾಗ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯಬೇಕು. ಕುಂದೂರು ಬೆಟ್ಟದ ಬಳಿ ಕುರಿ ಕಾಯುತ್ತ ಕಟ್ಟೆಗಳನ್ನು ತೋಡಿದ ಆ ಹಿರಿಯರನ್ನು 2020ರ ಜೂನ್ 28ರ ಬಾನುಲಿ ಭಾಷಣದಲ್ಲಿ ಪ್ರಧಾನಿ ಕೊಂಡಾಡಿದರು. ಮರುತಿಂಗಳೇ ಅವರಿಗೆ ಕೋವಿಡ್ ತಗಲಿತು. ಜೀವಮಾನವಿಡೀ ಬಯಲಲ್ಲಿ ಕಳೆದವರು ಆಸ್ಪತ್ರೆ ವಾರ್ಡಿನಲ್ಲಿ ಮಲಗಬೇಕಾಯಿತು, ಗುಣವಾಗಿ ಮರಳಿದರು. ತೀರಿಕೊಂಡದ್ದು 2022ರ ಅಕ್ಟೋಬರ್‌ನಲ್ಲಿ.

ಮಕ್ಕಳ ಶಾಲೆ ಮನೆಗೆ ಬಂದದ್ದು ಮೊಬೈಲಿನಲ್ಲಿ. ಬಹಳ ಮನೆಗಳಲ್ಲಿ ಮೊಬೈಲು ಅಪ್ಪನ ಜೇಬಿನಲ್ಲಿತ್ತು. ಜುಲೈನಿಂದ ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಮೇಷ್ಟ್ರುಗಳೇ ಊರಿಗೆ ಬಂದು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಹೇಳಿದರು. ಇಸ್ಪೀಟಿನ ಕಟ್ಟೆ ಪಾಠದ ಕಟ್ಟೆಯಾಯಿತು. ನನ್ನ ಲೆಕ್ಕದಲ್ಲಿ ಆ ವರ್ಷ ಸರ್ಕಾರ ಮಾಡಿದ ಬುದ್ಧಿವಂತ ಕೆಲಸ ಅದೊಂದು. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಅದೇ ವರ್ಷ ಐವತ್ತು ಜನರ ಮಿತಿಯಲ್ಲಿ ಮನೆ ಮುಂದೆಯೇ ಮುಗಿಯುತ್ತಿದ್ದ ಮದುವೆಗಳನ್ನು ಖರ್ಚುಳಿತಾಯವೆಂದು ಹೊಗಳಿದರು. ಶಾಲೆ ಬಿಟ್ಟು ಮನೆಯಲ್ಲಿದ್ದ ಹೆಣ್ಣುಮಕ್ಕಳನ್ನು ವಯಸ್ಸಾಗುವ ಮುಂಚೆಯೇ ಸದ್ದಿಲ್ಲದೆ ಧಾರೆ ಎರೆದುಕೊಡಲು ಇದು ದಾರಿ ಮಾಡಿತೆಂಬುದನ್ನು ಹೊಗಳಿದವರು ಹೇಳಲಿಲ್ಲ.

2021ರ ಬೇಸಿಗೆಯಲ್ಲಿ ಆಟ ಮುಗಿದಿತ್ತು. ಏಪ್ರಿಲ್ 27ರಿಂದ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಬೇರೆ ಜಿಲ್ಲೆಗಳು ಜೂನ್ 14ಕ್ಕೆ ತೆರೆದುಕೊಂಡರೂ ಮಂಡ್ಯವೂ ಸೇರಿ ಹನ್ನೊಂದು ಜಿಲ್ಲೆಗಳು ಇನ್ನೂ ಒಂದು ವಾರ ಮುಚ್ಚಿದ್ದವು. ಮೊದಲ ವರ್ಷ ಟಿ.ವಿ.ಯಲ್ಲಿದ್ದ ಸಾವು ಈಗ ಓಣಿಗೆ ಬಂತು. ಆಶಾ ಕಾರ್ಯಕರ್ತೆಯರು ಮತ್ತೆ ಮನೆ ಮನೆ ಬಾಗಿಲು ತಟ್ಟಿದರು. ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಹಿಂದಿನ ಜುಲೈನಲ್ಲಿ ಮುಷ್ಕರ ಹೂಡಿದ್ದೂ ಅವರೇ. ಪಾಸಿಟಿವ್ ಬಂದವರು ಒಂದು ಕೋಣೆಯಲ್ಲಿ ಬೇರೆ ಇರಬೇಕು, ಬೇರೆ ಶೌಚಾಲಯ ಬಳಸಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಇರುವುದೇ ಒಂದು ಕೋಣೆ. ಆರು ಜನಕ್ಕೆ ಒಂದೇ ಶೌಚಾಲಯ, ಅದೂ ಇದ್ದರೆ.

ಆಗ ಮರಿಮಕ್ಕಳು ಮುತ್ತಾತಂದಿರ ದಾರಿ ಹಿಡಿದರು. ಸೋಂಕಾದವರು ಪಂಪ್‌ಸೆಟ್ ಮನೆಗೆ, ತೋಟದ ಶೆಡ್ಡಿಗೆ, ಬರಿದಾದ ಹುಳು ಮನೆಗೆ, ದನ ಆಚೆ ಕಟ್ಟಿ ತೊಳೆದ ಕೊಟ್ಟಿಗೆಗೆ ಹೋದರು. ಬದುವಿನ ಮೇಲೆ ಊಟದ ಡಬ್ಬ ಇಟ್ಟು ಕೂಗಿ ಹೇಳಿ ಬರುವುದು. ಯಾರೂ ಕಲಿಸಿರಲಿಲ್ಲ, ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಹಳ್ಳಿಯ ಮನೆಗಳಲ್ಲಿ ಪ್ರತ್ಯೇಕವಾಸ ಆಗದ ಮಾತೆಂದು ಸರ್ಕಾರಕ್ಕೆ ಹೊಳೆದು, ಎಲ್ಲರೂ ಕೋವಿಡ್ ಕೇರ್ ಸೆಂಟರ್‌ಗೆ ಬನ್ನಿ ಎಂದು ಅದು ಹೇಳಿದ್ದು ಮೇ ತಿಂಗಳು ಅರ್ಧ ಕಳೆದ ಮೇಲೆ. ಹೊಲ ತೋಟ ಇಲ್ಲದವರಿಗೆ ಈ ಸಲವೂ ಹೋಗಲು ಜಾಗವಿರಲಿಲ್ಲ. 1898ರಲ್ಲಿ ಬದು ಬೇಡಿದವರ ಮರಿಮಕ್ಕಳೇ ಅವರು ಎಂದರೆ ಅತಿಶಯೋಕ್ತಿಯಾಗಲಾರದು.

ಪ್ಲೇಗು ಬಂದ ಮೇಲೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ಚರಂಡಿ, ಮನೆ ಮನೆಯ ನಡುವೆ ಗಾಳಿಗೆ ಜಾಗ ಬಂತು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡ್ ಬಂತು. ರೋಗ ಮನೆಯ ನಕ್ಷೆಯನ್ನೇ ತಿದ್ದಿತು. ಕೋವಿಡ್ ಮಂಡ್ಯದ ಹಳ್ಳಿಮನೆಯ ನಕ್ಷೆಯಲ್ಲಿ ಒಂದು ಗೆರೆಯನ್ನೂ ತಿದ್ದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಬಡವರಿಗೆ ಕಟ್ಟುವ ಮನೆಯ ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್. ಸಾಂಕ್ರಾಮಿಕ ಬರುವ ಮೊದಲೂ ಅಷ್ಟೇ ಇತ್ತು. ನಿಮ್ಮೂರ ಗ್ರಾಮಸಭೆಯಲ್ಲಿ ಮನೆ ಮಂಜೂರಾತಿಯ ಪಟ್ಟಿ ಓದುವಾಗ ಎದ್ದು ನಿಂತು ಒಂದು ಮಾತು ಕೇಳಿ: ಇದರಲ್ಲಿ ಕಾಯಿಲೆಯವರು ಮಲಗುವುದು ಎಲ್ಲಿ?